ಬೂದಿ ಉಳಿಯದ ಬಟ್ಟಲು

ಓಬಳೇಶ್ ಸಾರ್ ಕೈಗೆ ಸಿಕ್ಕಿದ್ದನ್ನೆಲ್ಲ ಸುಡುತ್ತಿದ್ದರು. ಕುಕ್ಕರಿನ ಹಳೇ ರಿಂಗು, ವಾಚಿನ ಬೆಲ್ಟು, ಯಾವುದನ್ನೂ ಬಿಟ್ಟವರಲ್ಲ. ಒಮ್ಮೆ ಬಡವನಹಳ್ಳಿಯಲ್ಲಿ ‘ಒರಿಜಿನಲ್ ಸಿಲಿಕೋನ್’ ಎಂದು ಮೊಬೈಲ್ ಕವರ್ ಮಾರುತ್ತಿದ್ದವನಿಂದ ಒಂದನ್ನು ಕೊಂಡು, ಅವನೆದುರಿಗೇ ಅಂಚು ಕತ್ತರಿಸಿ ಕಡ್ಡಿ ಗೀರಿದರು. ಕರೀ ಹೊಗೆ ಎದ್ದಿತು.

“ಚೂಡಪ್ಪಾ, ಸಿಲಿಕೋನ್ ಆಗಿದ್ರೆ ಒಳಗಿನ ಸಿಲಿಕಾನ್ ಬಿಳೀ ಬೂದಿಯಾಗಿ ಉಳೀತಿತ್ತು. ಸುಳ್ಳು ಯಾಕ್ ಹೇಳ್ತೀಯ?”

“ಬ್ಯಾಡಾಂದ್ರೆ ಬುಡಿ ಸಾ, ಅಂಗ್ಡಿಗ್ಯಾಕ್ ಬೆಂಕಿ ಇಕ್ತೀರಾ!”

ಸಾರ್ ಪಾವಗಡದ ಕಡೆಯವರು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಮಧುಗಿರಿಯ ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು, ಚರ್ಚಾಸ್ಪರ್ಧೆಗೆ ನನ್ನನ್ನು ತಯಾರು ಮಾಡಿದವರೂ ಅವರೇ. “ತೋರ್ಸಿ ಆಮೇಲೆ ಮಾತಾಡು ಕಣಮ್ಮ” ಎನ್ನುವುದು ಅವರ ಪಾಠ. ಮನೆಯಲ್ಲಿ ಹರಕೆಗೂ ಆಧಾರ ಕೇಳುವ ನನಗೆ ಇಂಥ ಮನುಷ್ಯರೇ ಬೇಕಿತ್ತು.

ಎಂಎಸ್ಸಿ ಪ್ರಾಜೆಕ್ಟಿಗೆ ಅವರು ಕೊಟ್ಟದ್ದು ದ್ರವಸ್ಫಟಿಕ. ಕ್ಯಾಲ್ಕ್ಯುಲೇಟರಿನಲ್ಲಿ ಅಂಕಿ ಮೂಡಿಸುವ ವಸ್ತು ಅದು. ನೀರಿನಂತೆ ಹರಿದರೂ ಒಳಗೆ ಅಣುಗಳು ಸಾಲು ತಪ್ಪುವುದಿಲ್ಲ. ನಾವು ತಯಾರಿಸಿದ್ದು ಮಾತ್ರ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವಂತೆ ಗಟ್ಟಿಯಾಗುತ್ತಿತ್ತು. ಅಣುವಿನ ಬಾಲಕ್ಕೆ ಸಿಲಿಕಾನ್ ಸೇರಿಸಿದರೆ ಅವು ಒತ್ತಾಗಿ ಕೂರಲಾರವು, ಹರಿಯುತ್ತಲೇ ಇರುತ್ತವೆ ಎಂಬುದು ಸಾರ್ ಲೆಕ್ಕಾಚಾರ. ಸಿಲಿಕಾನ್ ಸೇರಿಸಲು ಬಳಸುತ್ತಿದ್ದ ದ್ರವ ತೇವ ತಗುಲಿದರೆ ಹೊಗೆಯೆದ್ದು ಕೆಡುತ್ತಿತ್ತು. “ಅದಕ್ಕೇ ನಮ್ ಸೀಮೆ ಒಣಗಾಳಿ ಹೇಳಿ ಮಾಡ್ಸಿದ್ದು” ಎಂದು ನಗುತ್ತಿದ್ದರು. ಸಿಲಿಕಾನ್ ಸೇರಿಸಿ ಎಷ್ಟು ಸಲ ಮಾಡಿದರೂ ಗಟ್ಟಿಯೇ ಆಯಿತು. ಕೊನೆಗೆ ವಿಚಾರಸಂಕಿರಣಕ್ಕೆ ಮುಂಚೆ ನಾನು ಕೊಡಿಗೇನಹಳ್ಳಿಗೆ, ಮನೆಗೆ, ಹೋಗಿಬರುವಷ್ಟರಲ್ಲಿ ಸೀಸೆಯಲ್ಲಿ ಅದು ಹರಿಯುತ್ತಿತ್ತು. “ಬಂದ್ಬುಡ್ತು ಕಣಮ್ಮ!” ಎಂದರು ಸಾರ್.

ತುಮಕೂರಿನ ಆ ವಿಚಾರಸಂಕಿರಣದಲ್ಲಿ ಒಬ್ಬ ಹಿರಿಯರು, “ಇದರಲ್ಲಿ ಸಿಲಿಕಾನ್ ಇದೆ ಅನ್ನೋದಕ್ಕೆ ಆಧಾರ?” ಎಂದರು. ಸಾರ್ ಬಾಯಿ ತೆರೆಯುವ ಮೊದಲೇ ನಾನು ಎದ್ದೆ. “ನಮ್ಮ ಸಾರ್ ಮೊಬೈಲ್ ಕವರನ್ನೂ ಸುಡದೆ ನಂಬುವವರಲ್ಲ. ಇದು ಸುಳ್ಳಾಗಿದ್ದರೆ ಮೊದಲು ಹೇಳುತ್ತಿದ್ದವರು ಅವರೇ.” ಚಪ್ಪಾಳೆ ಬಿತ್ತು. ಸಾರ್ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ವಿನಯ ಅಂದುಕೊಂಡೆ.

ಪ್ರಾಜೆಕ್ಟಿಗೆ ಬೂದಿಯ ಪರೀಕ್ಷೆಯೂ ಇರಲೆಂದು ಆ ಸೀಸೆಯ ಒಂದೆರಡು ಹನಿಯನ್ನು ಪಿಂಗಾಣಿ ಬಟ್ಟಲಿನಲ್ಲಿ ಸುಟ್ಟೆ. ಬಟ್ಟಲು ತೊಳೆದಿಟ್ಟಂತೆ ಖಾಲಿ. ಹಿಂದೆ ನಾನೇ ಮಾಡಿ, ಗಟ್ಟಿಯಾಗಿ ಕೆಟ್ಟಿತೆಂದು ಮೂಲೆಗಿಟ್ಟದ್ದನ್ನು ಸುಟ್ಟೆ. ಬಿಳೀ ಬೂದಿ ಉಳಿಯಿತು.

ಎರಡೂ ಬಟ್ಟಲನ್ನು ಅವರ ಮೇಜಿನ ಮೇಲಿಟ್ಟೆ.

“ಸುಟ್ಟು ನೋಡ್ಬುಟ್ಟೆಯಾ?” ಎಂದರು.

“ಇದು ಎಲ್ಲಿಂದ ತಂದಿದ್ದು, ಸಾರ್?”

“ಬೆಂಗ್ಳೂರಿಂದ. ಕಂಪ್ನಿ ಮಾಲು. ನಮ್ದು ಗಟ್ಟಿಯಾಗ್ಬುಡ್ತು, ಸೆಮಿನಾರು ತಲೆ ಮೇಲೆ. ಏನ್ ಮಾಡ್ಲಿ?”

“ಗಟ್ಟಿಯಾಯ್ತು ಅಂತ ಹೇಳ್ಬೇಕಿತ್ತು. ನನ್ನ ಕೈಲಿ ಯಾಕೆ ಸಾಕ್ಷಿ ಹೇಳಿಸಿದ್ರಿ?”

“ನಾನೆಲ್ಲಿ ಹೇಳ್ಸಿದೆ? ನೀನೇ ಎದ್ದೆ.” ಖಾಲಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ನೀನು ಎದ್ದ್ಮೇಲೆ ನೆಮ್ಮದಿ ಆಯ್ತು. ನೀನು ಹೇಳಿದ್ರೆ ಯಾರೂ ಸುಟ್ಟು ನೋಡಲ್ಲ ಅಂದ್ಕೊಂಡೆ.”

ಆ ಹಿರಿಯರಿಗೆ ಫೋನ್ ಮಾಡಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಸಾರ್ ಕೆಲಸ ಬಿಟ್ಟು ಊರಿಗೆ ಹೋದರು, ಮತ್ತೆ ಭೇಟಿಯಾಗಿಲ್ಲ. ಯಾರೂ ಸುಟ್ಟು ನೋಡುವುದಿಲ್ಲ ಎಂದುಕೊಂಡರಲ್ಲ, ಆ ‘ಯಾರೂ’ ಎಂಬುದರಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದರು.