ಬಂಡೆಪ್ಪನ ಕೀಲಿ

ಮುಂಬೈಯ ಸಯನ್ನಿನ ಬಂಡೆಪ್ಪನ ಜಂಬವೇ ಜಂಬ: "ಮಗಳ ಮೊಬೈಲಿನಾಗ ನನ್ನ ಕೇಳಲಾರದ ಒಂದು ನೊಣಾನೂ ಹೋಗಂಗಿಲ್ಲ!" ಅದಕ್ಕೆ ಅವನು ಹಾಕಿದ ಕೀಲಿ ಮನೆದೇವರ ಹೆಸರು. ಪಾಸ್‌ವರ್ಡ್ ಒತ್ತುವಾಗಲೆಲ್ಲ ಭಕ್ತಿಯಿಂದ "ರೇವಣಸಿದ್ಧಾ" ಎಂದು ಕೂಗುತ್ತಾನೆ. ಆ ಕೂಗಿಗೆ ದೂರದ ಬಾಂದ್ರಾದ ಪಾರಿವಾಳಗಳೂ ಬೆಚ್ಚಿ ಹಾರುತ್ತವೆ. ಆದರೆ ಗದರುವುದು ಅವನಿಗೆ ಬಾರದು. ಮಗಳ ಪಕ್ಕದಲ್ಲೇ ಕೂತು ಗೇಮ್ ಆಡುತ್ತಾನೆ, ಸೋಲುತ್ತಾನೆ, ಅವಳಿಂದ ಬೈಸಿಕೊಳ್ಳುತ್ತಾನೆ. ಮೊನ್ನೆ ಆ ಗೇಮಿನಲ್ಲೇ ಯಾವನೋ ಅಪರಿಚಿತ, ಮಗಳು ಸೌಮ್ಯಾಳ ಫೋಟೋ ಕೇಳಿ, ಅಪ್ಪನಿಗೆ ಹೇಳಬೇಡ ಎಂದು ಬರೆದ. ಅವಳು ನೇರ ಅಪ್ಪನ ಬಳಿಗೇ ಬಂದು ಹೇಳಿದಳು. ಇಬ್ಬರೂ ಸೇರಿ ಅವನನ್ನು ಬ್ಲಾಕ್ ಮಾಡಿದ ಮೇಲೆ ಸೌಮ್ಯಾ ನಕ್ಕಳು: "ಪಪ್ಪಾ, ನಿಮ್ಮ ಪಾಸ್‌ವರ್ಡ್ ಪೂರಾ ಬಿಲ್ಡಿಂಗ್‌ಗೆ ಮಾಲೂಮ್ ಐತಿ!" ಬಂಡೆಪ್ಪ ಕನ್ನಡಕ ಒರೆಸಿಕೊಂಡ: "ಇರಲಿ ಬಿಡವ್ವ. ಅಂವ ಹೇಳಬ್ಯಾಡ ಅಂದದ್ದನ್ನ ನೀ ಬಂದು ಹೇಳಿದೆಯಲ್ಲ, ಅದೇ ಖರೇ ಕೀಲಿ!"