ನೈವೇದ್ಯದ ಸಕ್ಕರೆ ಕಟ್ಟಿಕೊಂಡು ಗದ್ವಾಲಿಗೆ

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ನಾರಾಯಣಪೇಟೆಯಿಂದ ಹೊರಟಾಗ ನನ್ನ ಒಂದು ಕೈಯಲ್ಲಿ ನೈವೇದ್ಯದ ಚೀಲ, ಇನ್ನೊಂದರಲ್ಲಿ ಬಿದಿರಿನ ಬುಟ್ಟಿ. ಬುಟ್ಟಿಯೊಳಗೆ ಚಿನ್ನಿ, ಮೂರು ತಿಂಗಳ ಪೊಮೇರಿಯನ್ ಮರಿ. ಮಗ್ಗ ಬಿಟ್ಟರೆ ಬೇರೆ ಲೋಕವಿಲ್ಲದ ನಮ್ಮ ಯಜಮಾನರು ಸೀರೆ ವ್ಯಾಪಾರಿಯೊಬ್ಬರ ಮನೆಯಿಂದ ಅದನ್ನು ತಂದಿದ್ದರು. ತಂದವರು ಅವರು, ಅದರ ಹೊಲಸು ಬಳಿಯುವವಳು ನಾನು.

ಹಿಂದಿನ ಎರಡು ಶನಿವಾರವೂ ಬೆಳಿಗ್ಗೆ ಅದಕ್ಕೆ ಫಿಟ್ಸ್ ಬಂದಿತ್ತು. ಓಣಿಯವರೆಲ್ಲ ಶನಿಕಾಟ ಎಂದರು. ಸಣ್ಣ ನಾಯಿ ನೋಡುವ ಡಾಕ್ಟರ್ ಗದ್ವಾಲಿನಲ್ಲಿದ್ದಾರೆಂದು ಯಾರೋ ನಂಬರ್ ಕೊಟ್ಟರು. ಮೂರನೇ ಶನಿವಾರ ಬರುವ ಮೊದಲೇ ಹೋಗೋಣ ಎಂದರೆ ಯಜಮಾನರು ನೇಯುತ್ತಿದ್ದ ಸೀರೆ ಮುಗಿಯಲಿಲ್ಲ. ಕಡೆಗೆ ಹೊರಟದ್ದೂ ಶನಿವಾರವೇ.

ಪ್ರತಿ ಶನಿವಾರ ನಮ್ಮ ಮನೆಯಲ್ಲಿ ಹನುಮಂತದೇವರ ನೈವೇದ್ಯವಾಗುವ ತನಕ ಯಾರ ಬಾಯಿಗೂ ಏನೂ ಇಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ನಡೆಸಿಕೊಂಡು ಬಂದ ನೇಮ. ಮರಳಿ ಬರುವಾಗ ದಾರಿಯಲ್ಲಿನ ಮಕ್ತಲದ ಪಡಮಟಿ ಆಂಜನೇಯನಿಗೇ ನೈವೇದ್ಯ ಮಾಡಿಸೋಣವೆಂದು ತೆಂಗಿನಕಾಯಿ, ಸಕ್ಕರೆ ಪೊಟ್ಟಣ ಕಟ್ಟಿಕೊಂಡಿದ್ದೆ.

ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ತೋರಿಸಿದೆ. ಕಂಡಕ್ಟರ್ ಬುಟ್ಟಿಯೊಳಗೆ ಬಗ್ಗಿ ನೋಡಿದ.

"ಇದಕ್ಕ ಟಿಕೆಟ್ ಬೇಕಮ್ಮಾ."

"ಇದೂ ಹೆಣ್ಣೇ ಐತ್ರಿ," ಎಂದರು ಯಜಮಾನರು.

"ಹಂಗಾದ್ರ ಅದರ ಆಧಾರ್ ತಗೀರಿ."

ಬಸ್ಸೆಲ್ಲ ನಕ್ಕಿತು, ನನಗೆ ನಗು ಬರಲಿಲ್ಲ. ಬುಟ್ಟಿ ಮಡಿಲಲ್ಲೇ ಇರಲಿ ಎಂದು ಟಿಕೆಟ್ ಹರಿಯದೆ ಮುಂದೆ ಹೋದ. ಅಷ್ಟರ ಮಟ್ಟಿಗೆ ದೇವರು ದೊಡ್ಡವನು.

ಮಕ್ತಲ ತಲುಪಿದಾಗ ಗದ್ವಾಲಿನ ಬಸ್ಸು ಹೊರಡುವುದರಲ್ಲಿತ್ತು. ಗುಡಿಯ ದಿಕ್ಕಿಗೆ ಕೈಮುಗಿದು ಹತ್ತಿದೆ. ಕಿಟಕಿಯ ಸರಳು ಆಗಲೇ ಸುಡುತ್ತಿತ್ತು. ಯಜಮಾನರು "ಒಂದ್ ನಿಮಿಷ" ಎಂದು ಇಳಿದುಹೋಗಿ ಓಡಿಬಂದು ಹತ್ತಿದರು. ಬಾಯಲ್ಲಿ ಚಹಾದ ವಾಸನೆ. ಪ್ರತಿ ಶನಿವಾರದ ವಾಸನೆ ಅದು. ಕೇಳಿದರೆ ಸುಳ್ಳು ಹೇಳಬೇಕಾಗುತ್ತದೆಂದು ನಾನು ಕೇಳುವುದಿಲ್ಲ.

ಮಕ್ತಲ ದಾಟಿ ಅರ್ಧ ತಾಸಾಗಿರಬಹುದು, ಮಡಿಲಲ್ಲಿ ಬುಟ್ಟಿ ಅದುರತೊಡಗಿತು. ಚಿನ್ನಿಯ ಕಾಲು ಸೆಟೆದಿತ್ತು, ಬಾಯಲ್ಲಿ ನೊರೆ. ಪಕ್ಕದಲ್ಲಿದ್ದ ನಾರ್ವ ಊರಿನ ಹೆಂಗಸು "ಕಬ್ಬಿಣ ಹಿಡಿಸ್ರಿ ಅಕ್ಕಾ" ಎಂದಳು. ಯಜಮಾನರು ಮನೆಯ ಬೀಗದ ಕೈ ತೆಗೆದು ಅದರ ಕಾಲಿಗೆ ಒತ್ತಿದರು. ಹಿಂದಿನ ಸೀಟಿನವನು ಚಪ್ಪಲಿ ಬಿಚ್ಚಿ ಮೂಗಿಗೆ ಹಿಡಿದ.

"ನಿಮ್ಮ ಚಪ್ಪಲಿ ನಾಯಿಗಿಂತ ದೊಡ್ಡದೈತಿ. ಉಸಿರು ಎಲ್ಲಿಂದ ಆಡಬೇಕ್ರಿ ಅದು?" ಎಂದು ಅವನ ಕೈ ತಳ್ಳಿ ಡಾಕ್ಟರಿಗೆ ಫೋನ್ ಹಚ್ಚಿಸಿದೆ.

"ಬಾಯಾಗ ಬೆರಳು ಹಾಕಬ್ಯಾಡ್ರಿ, ನೀರು ಹೊಯ್ಯಬ್ಯಾಡ್ರಿ," ಎಂದರು ಡಾಕ್ಟರ್. "ನಡುಕ ನಿಂತ ಮ್ಯಾಲೆ ತುಟಿ ಎತ್ತಿ ಒಸಡಿಗೆ ಸಕ್ಕರಿ ನೀರು ಸವರ್ರಿ. ಸಕ್ಕರಿ ಐತೇನಮ್ಮಾ?"

"ಇಲ್ರಿ," ಎಂದೆ.

ಇದ್ದದ್ದು ದೇವರದು, ನನ್ನದಲ್ಲ. ಹಾಗಾಗಿ ಸುಳ್ಳಲ್ಲ ಎಂದುಕೊಂಡೆ. ಬಸ್ಸಿನವರನ್ನೆಲ್ಲ ಕೇಳಿದೆ. ಒಬ್ಬರ ಬಳಿ ಖಾರದಪುಡಿ ಇತ್ತು, ಇನ್ನೊಬ್ಬರ ಬಳಿ ಉಳ್ಳಾಗಡ್ಡಿ. ಅಷ್ಟರಲ್ಲಿ ನಡುಕ ನಿಂತಿತು, ಆದರೆ ಚಿನ್ನಿ ಕಣ್ಣು ಬಿಡಲಿಲ್ಲ. ಹಿಂಡಿದ ಬಟ್ಟೆಯ ಹಾಗೆ ಕುತ್ತಿಗೆ ಜೋತುಬಿತ್ತು. ಯಜಮಾನರು ನನ್ನ ಚೀಲ ನೋಡಿದರು. ನಾನೇ ಪೊಟ್ಟಣ ಹರಿದೆ. ಬೆರಳು ಒದ್ದೆ ಮಾಡಿ ಸಕ್ಕರೆಯಲ್ಲಿ ಅದ್ದಿ ಒಸಡಿಗೆ ತಿಕ್ಕಿದೆ, ಮತ್ತೆ ಮತ್ತೆ ತಿಕ್ಕಿದೆ. ಬಸ್ಸು ಜುರಾಲ ಅಣೆಕಟ್ಟು ಏರಿ ಕೃಷ್ಣೆ ಕಾಣುವ ಹೊತ್ತಿಗೆ ಪುಟ್ಟ ನಾಲಿಗೆ ಹೊರಬಂದು ನನ್ನ ಬೆರಳು ನೆಕ್ಕಿತು.

ಗದ್ವಾಲಿನಲ್ಲಿ ಡಾಕ್ಟರ್ ಅದರ ಕಿವಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ನೋಡಿದರು.

"ಸಕ್ಕರಿ ಸವರಿದ ಮ್ಯಾಲೂ ಇಷ್ಟು ಕಡಿಮಿ ಐತಿ. ಮುಂಜಾನಿ ಏನು ತಿನ್ನಿಸಿದ್ರಿ?"

"ಇವತ್ತು ಶನಿವಾರ್ರಿ."

"ಹೋದ ಶನಿವಾರ?"

ನಾನು ಬುಟ್ಟಿ ನೋಡಿದೆ.

"ಇಷ್ಟು ಸಣ್ಣ ಮರಿ ಮೈಯಾಗ ಕೂಡಿಟ್ಟಿದ್ದು ಏನೂ ಇರಂಗಿಲ್ಲಮ್ಮಾ. ಮೂರು ನಾಕು ತಾಸಿಗೊಮ್ಮೆ ತಿನ್ನಬೇಕು. ಉಪಾಸ ನೀವು ಮಾಡ್ರಿ, ಅದಕ್ಕ್ಯಾಕ ಹಚ್ಚೀರಿ?"

ಗ್ಲೂಕೋಸ್ ಹಾಕಿ ಎರಡು ತಾಸು ಇಟ್ಟುಕೊಂಡರು. ಹೊಟ್ಟೆ ತುಂಬಿದ್ದಾಗಲೂ ಫಿಟ್ಸ್ ಬಂದರೆ ಕಾರಣ ಬೇರೆ ಇರುತ್ತದೆ, ಬಂದ ವೇಳೆ ಬರೆದುಕೊಂಡು ತಡಮಾಡದೆ ಬನ್ನಿ ಎಂದರು. ಹೊರಗಿನ ಬೆಂಚಿನ ಮೇಲೆ ಕೂತೆ. ಓಣಿಯವರ ಮೇಲೆ, ಗಂಡನ ಮೇಲೆ, ಚಪ್ಪಲಿಯವನ ಮೇಲೆ ಹೊತ್ತುತಂದ ಸಿಟ್ಟನ್ನು ಇಳಿಸಲು ಈಗ ಉಳಿದಿದ್ದ ಜಾಗ ನನ್ನ ತಲೆ ಒಂದೇ. ಶನಿ ಪಾಪ, ಏನೂ ಮಾಡಿರಲಿಲ್ಲ.

ಮರಳಿ ಮಕ್ತಲದಲ್ಲಿಳಿದಾಗ ಮೂರು ಗಂಟೆ. ಗುಡಿಯಲ್ಲಿ ಕಾಯಿ ಒಡೆಸಿದೆ. ನಾಯಿ ಮುಟ್ಟಿದ ಸಕ್ಕರೆಯನ್ನು ದೇವರ ಮುಂದಿಡಲು ಕೈ ಬರಲಿಲ್ಲ.

"ಸಕ್ಕರಿ ನೈವೇದ್ಯ ಒಂದು ಉಳೀತು ನೋಡ್ರಿ," ಎಂದು ನಾರಾಯಣಪೇಟೆಯ ಬಸ್ಸಿನಲ್ಲಿ ಪೇಚಾಡಿದೆ.

"ಎಲ್ಲಿ ಉಳೀತು? ಜುರಾಲ ಬರೋದ್ರಾಗ ಆತಲ್ಲ," ಎಂದರು ಯಜಮಾನರು.

ಬೆಳಿಗ್ಗೆಯೇ ಚಹಾ ಕುಡಿದವರಿಗೆ ಎಲ್ಲವೂ ಸಲೀಸು. ಹಿಂದೆ ಸರಿಯುತ್ತಿದ್ದ ಮಕ್ತಲದ ಕಡೆ ಇನ್ನೊಮ್ಮೆ ಕೈಮುಗಿದೆ. ಉಳಿದ ಸಕ್ಕರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಡಾಕ್ಟರ್ ಹೇಳಿದ ವೇಳೆಗೆ ಇನ್ನೂ ಅರ್ಧ ತಾಸಿದ್ದರೂ, ಗದ್ವಾಲಿನಲ್ಲಿ ಕಟ್ಟಿಸಿಕೊಂಡಿದ್ದ ಹಾಲನ್ನದ ಡಬ್ಬಿಯನ್ನು ಚಿನ್ನಿಯ ಮುಂದೆ ಬಿಚ್ಚಿದೆ.