ಜೈತೂನಿ ಆರಿಸಿದ ಬೆಕ್ಕು

ಜೈತೂನಿಯ ಗಂಡ ಶೆಕುವೆ ಮೂರು ಸಲ ಕೇಳಿದ್ದ. ಮೂರು ಸಲವೂ ಅವಳು ಆಗುವುದಿಲ್ಲ ಎಂದಿದ್ದಳು.

ಅವನು ಕೇಳಿದ್ದು ದೊಡ್ಡದೇನಲ್ಲ. ಜೆಟ್ಟಿಯಲ್ಲಿ ಅವನ ದೋಣಿಗಾಗಿ ಕಾದು ಕೂರುವ ಬೆಕ್ಕೊಂದನ್ನು ಮನೆಗೆ ತರಲೇ ಎಂದು, ಅಷ್ಟೇ. ಲಾಮು ದ್ವೀಪದಲ್ಲಿ ಬೆಕ್ಕಿಗೇನು ಬರ? ಓಣಿಗೆ ಹತ್ತು, ಜಗಲಿಗೆ ಎರಡು, ಮಸೀದಿಯ ಮೆಟ್ಟಿಲ ಮೇಲಂತೂ ಕಾಲಿಡಲು ಜಾಗವಿರುವುದಿಲ್ಲ. ಆದರೆ ಜೈತೂನಿ ಟೋಪಿಯ ಕಸೂತಿ ಮಾಡುವವಳು. ನಮಾಜಿಗೆ ಹಾಕುವ ಬಿಳಿ ಟೋಪಿಗೆ ಸಾಸಿವೆಯಷ್ಟು ಸಣ್ಣ ತೂತು ಕೊರೆದು, ಒಂದೊಂದರ ಸುತ್ತಲೂ ದಾರ ಸುತ್ತುವ ಕೆಲಸ. ಒಂದು ಟೋಪಿ ಮುಗಿಯಲು ಎರಡು ತಿಂಗಳು ಹಿಡಿಯುತ್ತದೆ. ಪಕ್ಕದ ಮನೆಯ ಬೆಕ್ಕು ಒಮ್ಮೆ ಮದುಮಗನ ಟೋಪಿಯ ಮೇಲೆಯೇ ಮರಿ ಹಾಕಿತ್ತು. ಅಂದಿನಿಂದ ಬೆಕ್ಕೆಂದರೆ ಅವಳಿಗೆ ಮೈಯೆಲ್ಲ ಉರಿ.

"ಅದು ಬಂದ್ರೆ ನಾನು ಹೊರಗೆ," ಎಂದಿದ್ದಳು ಮೂರನೆಯ ಸಲ. "ಯಾರು ಬೇಕೋ ಆರಿಸ್ಕೊಳ್ಳಿ."

"ಅಯ್ಯೋ ಮಾರಾಯ್ತಿ, ನೀನು ಅಡುಗೆ ಮಾಡ್ತೀಯ, ಅದು ಮಾಡಲ್ಲ. ನಿನ್ನನ್ನೇ ಇಟ್ಕೋತೀನಿ," ಎಂದು ಶೆಕುವೆ ನಕ್ಕು ತೆಂಗಿನ ಹಾಲಿನ ಅನ್ನಕ್ಕೆ ಕೈಹಾಕಿದ್ದ. ಆಮೇಲೆ ಆ ಮಾತನ್ನು ಎತ್ತಲಿಲ್ಲ. ಬೆಕ್ಕಿನ ಸುದ್ದಿಯನ್ನು ಮಾತ್ರ ದಿನವೂ ಊಟಕ್ಕೆ ತರುತ್ತಿದ್ದ. ಮಕ್ಕಳಿಲ್ಲದ ಮನೆ, ಬೇರೆ ಗಂಡಸರು ಮಗನ ತುಂಟತನ ಹೇಳುವ ಹಾಗೆ ಇವನು ಬೆಕ್ಕಿನದು ಹೇಳುತ್ತಿದ್ದ. ಬೂದುಬಣ್ಣ, ಮೈಮೇಲೆ ಪಟ್ಟೆ, ಉದ್ದ ಕಾಲು. ಎಡಗಿವಿಯ ತುದಿ ಇಲ್ಲ, ಯಾವುದೋ ನಾಯಿ ಕಚ್ಚಿದ್ದು. ಹೆಸರು ನಹೋದಾ, ಅಂದರೆ ದೋಣಿಯ ಯಜಮಾನ. ಚಾಕುವಿನ ಹಿಡಿಯಿಂದ ದೋಣಿಯ ಅಂಚಿಗೆ ಮೂರು ಸಲ ಬಡಿದರೆ ಎಲ್ಲಿದ್ದರೂ ಓಡಿ ಬರುತ್ತದೆ. ಜೈತೂನಿ ಅದನ್ನು ಒಂದು ದಿನವೂ ಕಣ್ಣಾರೆ ನೋಡಲಿಲ್ಲ. ಮೀನುಗಾರರ ಕಡೆಯ ಜೆಟ್ಟಿಗೆ ಅವಳಂಥ ಹೆಂಗಸು ಹೋಗುವುದಿಲ್ಲ.

ದಕ್ಷಿಣದ ಗಾಳಿ ಜೋರಾದ ತಿಂಗಳಲ್ಲಿ ಶೆಕುವೆಯ ದೋಣಿ ಮಗುಚಿತು. ಜೊತೆಗಿದ್ದ ಮುದುಕ ಅಥ್ಮಾನಿ ಬದುಕಿಕೊಂಡ. ಶೆಕುವೆಯ ಹೆಣ ಮೂರನೆಯ ದಿನ ಶೇಲಾ ಕಡಲತೀರದ ಮರಳಿನ ಮೇಲೆ ಸಿಕ್ಕಿತು. ಗಂಡಸರು ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದರು. ಹೆಂಗಸರು ಜೈತೂನಿಗೆ ಬಿಳಿ ಉಡಿಸಿ ಒಳಕೋಣೆಯಲ್ಲಿ ಕೂರಿಸಿದರು. ಗಂಡ ಸತ್ತವಳು ಕೂರಬೇಕಾದ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತು. ಹೊಸ್ತಿಲು ದಾಟುವಂತಿಲ್ಲ, ಪರಗಂಡಸಿನ ಕಣ್ಣಿಗೆ ಬೀಳುವಂತಿಲ್ಲ, ಸುಗಂಧವಿಲ್ಲ, ಗೋರಂಟಿಯಿಲ್ಲ. ಕಾವಲಿಗೆ ಶೆಕುವೆಯ ಅಕ್ಕ ಸಾಬ್ರಾ ಬಂದು ಕೂತಳು. ಸಾಬ್ರಾ ಒಳ್ಳೆಯವಳೇ, ಆದರೆ ಅವಳ ಬಾಯಿಗೆ ಹೆದರಿ ಕತ್ತೆಗಳೂ ಓಣಿ ಬದಲಿಸುತ್ತವೆ.

ಮೂರನೆಯ ತಿಂಗಳಲ್ಲಿ ಸಾಬ್ರಾ ಪೇಟೆಯಿಂದ ಒಂದು ಸುದ್ದಿ ತಂದಳು. ಜೆಟ್ಟಿಯ ದುರಸ್ತಿಗೆಂದು ಅಲ್ಲಿದ್ದ ಬೆಕ್ಕುಗಳನ್ನೆಲ್ಲ ಹಿಡಿದು ಬೆಕ್ಕಿನ ಆಸ್ಪತ್ರೆಯವರು ಪಂಜರದಲ್ಲಿ ಇಟ್ಟಿದ್ದಾರೆ. ಸಾಕುವವರು ಒಯ್ಯಬಹುದು. ಯಾರೂ ಕೇಳದೆ ಉಳಿದದ್ದನ್ನು ಗುರುವಾರದ ದೋಣಿಗೆ ಹಾಕಿ ಆಚೆ ದಡಕ್ಕೆ ಸಾಗಿಸುತ್ತಾರಂತೆ.

ಜೈತೂನಿಯ ಕೈಯಲ್ಲಿದ್ದ ಸೂಜಿ ನಿಂತಿತು. "ಅತ್ತಿಗೆ, ನಂಗೆ ಅವರ ಬೆಕ್ಕು ಬೇಕು."

"ಯಾರ ಬೆಕ್ಕು?"

"ನಿಮ್ಮ ತಮ್ಮಂದು. ಮೂರು ಸಲ ಕೇಳಿದ್ರು. ನಾನು ಬೇಡ ಅಂದೆ."

ಸಾಬ್ರಾ ತಾಂಬೂಲ ಜಗಿಯುವುದನ್ನು ನಿಲ್ಲಿಸಿದಳು. "ಗಂಡ ಇದ್ದಾಗ ಬಾಗಿಲು ತೆಗೀಲಿಲ್ಲ, ಈಗ ಬೆಕ್ಕಿಗೆ ಹಾಸಿಗೆ ಹಾಸ್ತಾಳಂತೆ! ಬುದ್ಧಿ ಬರೋದಕ್ಕೂ ಒಂದು ಹೊತ್ತು ಬೇಡ್ವೇನೆ?"

ಬೈದರೂ ಎದ್ದು ಹೋದಳು. ತಮ್ಮನ ಹೆಸರು ಬಂದರೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೂದುಬಣ್ಣ, ಪಟ್ಟೆ, ಎಡಗಿವಿಯ ತುದಿಯಿಲ್ಲ ಎಂದು ಜೈತೂನಿ ಅವಳಿಗೆ ಬಾಯಿಪಾಠ ಮಾಡಿಸಿದ್ದಳು. ಕಿವಿಯ ಗುರುತೊಂದಿದ್ದರೆ ಸಾಕು, ತಪ್ಪುವ ಪ್ರಶ್ನೆಯೇ ಇಲ್ಲ ಎಂದುಕೊಂಡಿದ್ದಳು.

ಸಾಬ್ರಾ ಹಿಂದಿರುಗಿ ಬಂದು ಬುರ್ಖಾ ತೆಗೆದು ಗೂಟಕ್ಕೆಸೆದಳು. "ನಿನ್ನ ಗುರುತಿಗಿಷ್ಟು ಬೆಂಕಿ ಹಾಕ! ಅಲ್ಲಿರೋ ಬೆಕ್ಕಿಗೆಲ್ಲ ಎಡಗಿವಿ ತುದಿ ಇಲ್ಲ ಕಣೇ. ಮರಿ ಹಾಕದ ಹಾಗೆ ಆಪರೇಷನ್ ಮಾಡ್ತಾರಂತೆ, ಮಾಡಿದ್ದಕ್ಕೆ ಗುರುತು ಅಂತ ಕಿವಿ ಕತ್ತರಿಸ್ತಾರಂತೆ. ಬೂದುಪಟ್ಟೆಯವೇ ಐದಿವೆ. ಐದೂ ಒಂದೇ ತಾಯಿ ಹೆತ್ತ ಹಾಗಿವೆ."

"ಹೆಸರು ಕೇಳ್ಲಿಲ್ವಾ?"

"ಕೇಳ್ದೆ. ಆಸ್ಪತ್ರೆಯೋನು ಜೆಟ್ಟಿಯೋರನ್ನೂ ವಿಚಾರಿಸ್ದ. ಅಲ್ಲಿ ಎಲ್ಲರ ಬೆಕ್ಕೂ ನಹೋದಾನೇ ಅಂತೆ. ಆಳು ಒಬ್ಬನೂ ಇಲ್ಲ, ಬರೀ ಯಜಮಾನರು!"

ಜೈತೂನಿ ಅಂದು ಊಟ ಮುಟ್ಟಲಿಲ್ಲ. ಅವಳ ಮುಖ ನೋಡಲಾಗದೆ ಸಾಬ್ರಾ ಬುಧವಾರ ಮತ್ತೆ ಹೋಗಿ ಆಸ್ಪತ್ರೆಯ ಲಾಲಿ ಎಂಬವನನ್ನು ಮನೆಗೇ ಕರೆತಂದಳು. ಮಾಲಿಂದಿಯಿಂದ ಹೊಸದಾಗಿ ಬಂದ ಮನುಷ್ಯ, ಐದು ಬುಟ್ಟಿ ಕತ್ತೆಯ ಮೇಲೆ ಹೇರಿಕೊಂಡು ಬಂದಿದ್ದ. ತಾನು ಹೊರಗಿನ ಕಲ್ಲುಜಗಲಿಯ ಮೇಲೆ ಓಣಿಗೆ ಮುಖಮಾಡಿ ಕೂತ. ಸಾಬ್ರಾ ಬುಟ್ಟಿಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಂಡು ಅಂಗಳದಲ್ಲಿ ಬಿಚ್ಚಿದಳು.

"ನಿಧಾನಕ್ಕೆ ನೋಡಿ ಅಮ್ಮ," ಎಂದ ಲಾಲಿ ಹೊರಗಿನಿಂದ. "ಚೆಂದದ್ದು ಆರಿಸಬೇಡಿ. ನೀವು ಬೆಕ್ಕನ್ನ ಆರಿಸೋದಲ್ಲ, ಅದು ನಿಮ್ಮನ್ನ ಆರಿಸ್ಬೇಕು. ಯಾವುದು ತಾನಾಗಿ ಹತ್ರ ಬರುತ್ತೋ ಅದು ನಿಮ್ಮದು."

ಜೈತೂನಿ ತೆಂಗಿನಕಾಯಿ ತುರಿಯುವ ಮಣೆಯನ್ನು ಮುಂದಿಟ್ಟುಕೊಂಡು ಚಾಕುವಿನ ಹಿಡಿಯಿಂದ ಮೂರು ಸಲ ಬಡಿದಳು. ಐದೂ ಬೆಕ್ಕುಗಳು ಬಾಲವೆತ್ತಿ ಓಡಿ ಬಂದವು! ನಮ್ಮ ಊರಿನಲ್ಲಿ ಹಾಗೆ ಬಡಿಯದ ಮೀನುಗಾರನೇ ಇಲ್ಲ. ಅವಳ ಗಂಡ ಅದನ್ನು ತನ್ನೊಬ್ಬನದೇ ವಿದ್ಯೆ ಎಂಬಂತೆ ಹೇಳಿದ್ದ, ಅವಳು ನಂಬಿದ್ದಳು. ಸಾಬ್ರಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಜೈತೂನಿಗೆ ಅಳು ಬಂತು.

ಕೊನೆಗೆ ಅವಳು ಎದ್ದು ಹಾಸಿಗೆಯ ಅಡಿಯಿಂದ ಶೆಕುವೆಯ ಪಟ್ಟೆ ಲುಂಗಿಯನ್ನು ತೆಗೆದಳು. ಸತ್ತವನ ಬಟ್ಟೆಯನ್ನೆಲ್ಲ ಸಾಬ್ರಾ ಬಡವರಿಗೆ ಹಂಚಿದಾಗ ಇದೊಂದನ್ನು ಒಗೆಯದೆ ಬಚ್ಚಿಟ್ಟಿದ್ದಳು. ಸಾಬ್ರಾ ನೋಡಿದಳು, ಬಂದು ಒಂದು ತುದಿ ಹಿಡಿದಳು. ಲುಂಗಿಯನ್ನು ಅಂಗಳದ ಕಲ್ಲಿನ ಮೇಲೆ ಹಾಸಿದರು. ನಾಲ್ಕು ಬೆಕ್ಕುಗಳು ಮೂಸಿ ಮುಂದೆ ಹೋದವು. ಐದನೆಯದು ಮೂಸಿತು, ಮುಂಗಾಲಿನಿಂದ ಬಟ್ಟೆಯನ್ನು ಮೆಲ್ಲಗೆ ತುಳಿತುಳಿದು ಮೆತ್ತಗೆ ಮಾಡಿಕೊಂಡಿತು, ಸುತ್ತಿಕೊಂಡು ಮಲಗಿತು.

"ಇದೇ!" ಎಂದಳು ಜೈತೂನಿ. ಮೂರು ತಿಂಗಳಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು.

ಆಮೇಲಿನ ಒಂದು ತಿಂಗಳು ಆ ಮನೆಯಲ್ಲಿ ಉಸಿರಾಡುವಂತಾಯಿತು. ಜೈತೂನಿ ತನ್ನ ಪಾಲಿನ ಮೀನಿನ ತಲೆಯನ್ನು ನಹೋದಾಗೆ ಹಾಕುತ್ತಿದ್ದಳು. ಅದು ಟೋಪಿಯ ಮೇಲೆ ಮಲಗಿದರೂ ಓಡಿಸುತ್ತಿರಲಿಲ್ಲ. "ಕೇಳಿದ್ದನ್ನ ಕೊಟ್ಟೆ ನೋಡಿ, ತಡವಾಯ್ತು, ಆದ್ರೂ ಕೊಟ್ಟೆ," ಎಂದು ಗಂಡನಿಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಅವನು ಕ್ಷಮಿಸಿದ್ದಾನೆ ಎಂದೇ ನಂಬಿದ್ದಳು.

ಇದ್ದತ್ತು ಮುಗಿಯಲು ಇನ್ನು ಒಂಬತ್ತು ದಿನವಿತ್ತು. ಸಾಬ್ರಾ ಮದುವೆಮನೆಗೆ ಹೋಗಿದ್ದಳು. ಹೊರಗಿನ ಜಗಲಿಯಲ್ಲಿ ಯಾರೋ ಕೆಮ್ಮಿ ಸಲಾಂ ಹೇಳಿದರು. ಮುದುಕ ಅಥ್ಮಾನಿ. ಅಪಘಾತವಾದ ಮೇಲೆ ಮಗಳು ಅವನನ್ನು ಮೊಂಬಾಸಾಕ್ಕೆ ಕರೆದುಕೊಂಡು ಹೋಗಿದ್ದಳು. ಅಂದೇ ಬೆಳಿಗ್ಗೆ ಬಸ್ಸು, ದೋಣಿ ಹಿಡಿದು ವಾಪಸು ಬಂದಿದ್ದ.

"ಮೊದಲೇ ಬರಬೇಕಿತ್ತು ಮಗಳೇ. ಉಳಿದೋನಿಗೆ ಮುಖ ತೋರಿಸೋಕೆ ನಾಚಿಕೆ," ಎಂದ ಅವನು.

ಜೈತೂನಿ ಬಾಗಿಲ ಹಿಂದೆ ಕೂತು ಸಮಾಧಾನದ ಮಾತು ಹೇಳಿದಳು. ಅಷ್ಟರಲ್ಲಿ ಬೆಕ್ಕು ಬಾಗಿಲ ಸಂದಿಯಿಂದ ಹೊರಗೆ ನುಸುಳಿತು. "ನಹೋದಾ, ಬಾ ಒಳಗೆ," ಎಂದು ಕರೆದಳು.

"ಒಳ್ಳೇದಾಯ್ತು, ಅದರ ಹೆಸರೇ ಇಟ್ಟಿದೀಯ," ಎಂದ ಅಥ್ಮಾನಿ.

"ಹೆಸರಿಟ್ಟಿದ್ದಲ್ಲ ಮಾಮ. ಇದೇ ಅದು. ನಿಮ್ಮ ಶೆಕುವೆಯದ್ದೇ."

ಮುದುಕ ಬೆಕ್ಕನ್ನು ಎತ್ತಿಕೊಂಡದ್ದು ಸಂದಿಯಲ್ಲಿ ಅವಳಿಗೆ ಕಂಡಿತು. ತಿರುಗಿಸಿ ಕಿವಿಯನ್ನು ನೋಡಿ ಕೆಳಗಿಟ್ಟ.

"ಹೌದು ಹೌದು," ಎಂದ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಮಾಮ, ಹೇಳಿ."

"ಏನಿಲ್ಲ ಬಿಡು ಮಗಳೇ."

"ಕುರಾನಿನ ಆಣೆ, ಹೇಳಿ."

ಆಣೆ ಹಾಕಿದ್ದು ಅವಳೇ. ಹಾಕದಿದ್ದರೆ ಮುದುಕ ಎದ್ದು ಹೋಗುತ್ತಿದ್ದ.

"ನಹೋದಾ ಅವತ್ತು ದೋಣೀಲಿತ್ತು," ಎಂದ. "ಆ ವಾರಾನೇ ಆಪರೇಷನ್ನಿಗೆ ಅಂತ ಬೆಕ್ಕು ಹಿಡಿಯೋರು ಬಲೆ ತಂದಿದ್ರು. ಶೆಕುವೆಗೆ ಅದನ್ನ ಕೊಡೋಕೆ ಮನಸ್ಸಿಲ್ಲ. ಮನೇಗೆ ಒಯ್ಯೋ ಅಂದೆ ನಾನು. ಅಲ್ಲಿ ಆಗಲ್ಲ ಮಾಮ ಅಂದ. ಅಕ್ಕಿ ಚೀಲದಲ್ಲಿ ಹಾಕ್ಕೊಂಡು ದೋಣಿ ಹತ್ತಿಸ್ದ. ಅಲೆ ಹೊಡ್ದು ಮಗುಚಿದಾಗ ದೋಣಿ ಹಗ್ಗ ಅವನ ಕೈಲಿತ್ತು, ನನ್ನ ಕೈಲೂ ಇತ್ತು. ಚೀಲ ತೇಲ್ತಾ ಹೋಯ್ತು. ಅವನು ಹಗ್ಗ ಬಿಟ್ಟ."

ಅಥ್ಮಾನಿ ಯಾವಾಗ ಎದ್ದು ಹೋದನೋ ಜೈತೂನಿಗೆ ತಿಳಿಯಲಿಲ್ಲ. ತರಲಿ ಎಂಬ ಒಂದು ಮಾತು ಅವಳ ಬಾಯಿಂದ ಬಂದಿದ್ದರೆ ಶೆಕುವೆ ಹಗ್ಗ ಹಿಡಿದುಕೊಂಡೇ ಇರುತ್ತಿದ್ದ, ಸಂಜೆ ಬಂದು ಅನ್ನಕ್ಕೆ ಕೈಹಾಕುತ್ತಿದ್ದ. ಅದನ್ನು ಹೇಗೆ ತಿರುಗಿಸಿ ನೋಡಿದರೂ ಬೇರೆ ಲೆಕ್ಕ ಸಿಗಲಿಲ್ಲ. ಬೆಕ್ಕು ಬಂದು ಮಡಿಲು ಹತ್ತಿತು. ಅವಳು ತಳ್ಳಲೂ ಇಲ್ಲ, ಮುಟ್ಟಲೂ ಇಲ್ಲ. ಯಾರದೋ ಬೆಕ್ಕು.

ಸಾಬ್ರಾ ಮದುವೆಮನೆಯ ಪಿಲಾವ್ ಹಿಡಿದುಕೊಂಡು ಖುಷಿಯಲ್ಲಿ ಬಂದಳು. "ಇನ್ನೊಂಬತ್ತು ದಿನ ಕಣೇ. ಗೋರಂಟಿಯೋಳಿಗೆ ಹೇಳಿ ಬಂದೆ. ಸ್ನಾನಕ್ಕೆ ಮಲ್ಲಿಗೆ, ಊದಿನ ಧೂಪ, ಎಲ್ಲಾ ತರ್ತಾರೆ. ಬಿಳಿ ತೆಗೆದು ನೀಲಿ ಉಡಿಸ್ತೀನಿ."

"ಅತ್ತಿಗೆ, ಇವತ್ತಿಂದ ಮತ್ತೆ ಎಣಿಸಿ," ಎಂದಳು ಜೈತೂನಿ.

"ಏನನ್ನ?"

"ನಾಲ್ಕು ತಿಂಗಳು ಹತ್ತು ದಿನ. ಮೊದಲಿಂದ."

ಸಾಬ್ರಾ ತಟ್ಟೆ ಕೆಳಗಿಟ್ಟು ಅವಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. "ಹುಚ್ಚಿ! ಒಬ್ಬ ಗಂಡನಿಗೆ ಎರಡು ಇದ್ದತ್ತು ಕೂತೋರನ್ನ ನಾನಂತೂ ಕಂಡಿಲ್ಲ. ನನ್ನ ತಮ್ಮ ನಿನ್ನನ್ನ ಸುಖವಾಗಿ ಇಟ್ಟಿದ್ದ, ನೀನೂ ಅವನನ್ನ ಸುಖವಾಗಿ ಇಟ್ಟಿದ್ದೆ. ಸಾಕು, ಇನ್ನು ಹೊರಗೆ ಬಾ. ಇಷ್ಟೊಂದು ಶಿಕ್ಷೆ ಯಾಕೆ ಮಾಡ್ಕೋತೀಯ? ನೀನೇನು ಅವನನ್ನ ಕೊಂದ್ಯಾ?"

ಜೈತೂನಿ ಅವಳ ಮುಖ ನೋಡಿದಳು. ಸಾಬ್ರಾಗೆ ಇದ್ದವನು ಒಬ್ಬನೇ ತಮ್ಮ. ಜೈತೂನಿ ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು.

ಹತ್ತನೆಯ ದಿನ ಹೆಂಗಸರು ಮಲ್ಲಿಗೆ, ಊದು ಹಿಡಿದು ಬಂದು ಹಾಡುತ್ತಾ ಒಳಕೋಣೆಯ ಬಾಗಿಲು ತಟ್ಟಿದರು. ಒಳಗಿನಿಂದ ಅಗುಳಿ ಹಾಕಿತ್ತು. ಸಾಬ್ರಾ ಬೈದಳು, ಅತ್ತಳು, ತಮ್ಮನ ಹೆಸರೆತ್ತಿ ಬೇಡಿಕೊಂಡಳು. ತಮ್ಮನ ಹೆಸರು ಕೇಳಿದ ಮೇಲಂತೂ ಒಳಗೆ ಬಿಳಿಯಲ್ಲೇ ಕೂತಿದ್ದವಳ ಉಸಿರೂ ಕೇಳಿಸಲಿಲ್ಲ.